ಬ್ಯಾನರ್ ಮೇಲಿನ ಅವ್ವ

ಅವ್ವ ತೀರಿಕೊಂಡ ಐದನೆಯ ದಿನ ಹಳಿಯಾಳದ ನಮ್ಮ ಓಣಿಯ ಮೂಲೆಯಲ್ಲಿ, ನಾನು ಕಟ್ಟಿಸಿದ್ದ ಶ್ರದ್ಧಾಂಜಲಿ ಬ್ಯಾನರ್ ಕೆಳಗೇ ನಿಂತು ಮುದುಕಿಯೊಬ್ಬಳು ನನ್ನನ್ನು ಕೇಳಿದಳು: "ತಮ್ಮಾ, ಗಂಗವ್ವನ ಮನಿ ಎಲ್ಲೈತಿ? ಸಾಂಬ್ರಾಣಿ ಊರಿಂದ ಬಂದೇನಿ. ಮಣ್ಣಿಗೆ ಬರಾಕ ಆಗಲಿಲ್ಲ."

"ಮ್ಯಾಲೆ ನೋಡಬೇ, ಇಕಿನ ಗಂಗವ್ವ. ನಾ ಅಕಿ ಮಗ" ಎಂದೆ.

ಹನ್ನೆರಡು ಅಡಿಯ ಬ್ಯಾನರ್ ಅದು. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಗೌಂಡಿ ಕೆಲಸ ಮಾಡಿ ಮೇಲೆ ಬಂದವನು ನಾನು. ಅವ್ವನಿಗೆ ಯಾವುದೂ ಕಡಿಮೆಯಾಗಬಾರದೆಂದು ಬ್ಯಾನರ್ ಅಂಗಡಿಯವನಿಗೆ ಹೇಳಿ, ಇದ್ದೊಂದು ಫೋಟೊಕ್ಕೆ ಕಂಪ್ಯೂಟರಿನಲ್ಲೇ ರೇಷ್ಮೆ ಸೀರೆ ಉಡಿಸಿದ್ದೆ. ಕಿವಿಗೆ ಜುಮಕಿ, ಕೊರಳಿಗೆ ನಾಲ್ಕೆಳೆ ಸರ ಹಾಕಿಸಿ, ಮುಖದ ಸುಕ್ಕುಗಳನ್ನೂ ತೆಗೆಸಿದ್ದೆ. ನೋಡಿದವರೆಲ್ಲ ಹೊಗಳಿದ್ದರು.

ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ಇನ್ನೊಮ್ಮೆ ನೋಡಿದಳು.

"ಇಕಿ ಯಾವಾಕಿನೋ ಸಾವ್ಕಾರ್ತಿ ಬಿಡಪಾ. ಗಂಗವ್ವ ನಮ್ಮೂರ ಗದ್ದ್ಯಾಗ ನನ್ನ ಜೋಡಿ ಮೂವತ್ತು ವರ್ಷ ಭತ್ತದ ನಟ್ಟಿ ಹಚ್ಚಿದಾಕಿ. ನಿಮ್ಮಪ್ಪ ಹಾಸಿಗಿ ಹಿಡದಾಗ ಔಷಧಕ್ಕಂತ ಕಿವಿಯಾಗಿನ ಬಂಗಾರ ಮಾರಿದ್ಳು. ಅವತ್ತಿನಿಂದ ಕಿವಿ ತೂತು ಮುಚ್ಚಬಾರದಂತ ಬೇವಿನ ಕಡ್ಡಿ ಇಟ್ಕೊಂಡಿರ್ತಿದ್ಳು. ಅವನ್ನೂ ತಗಸಿದೇನು?"

ಆ ಸಂಜೆ ನಾನೇ ಏಣಿ ಹಾಕಿ ಬ್ಯಾನರ್ ಇಳಿಸಿದೆ. ಬೇವಿನ ಕಡ್ಡಿಗಳನ್ನು ಅಳಿಸಬೇಕಾದರೆ ಆ ಅಂಗಡಿಯವನು ಒಮ್ಮೆಯಾದರೂ ಅವನ್ನು ನೋಡಿರಲೇಬೇಕು. ನಾನು ಐವತ್ತು ವರ್ಷ ಅವ್ವನ ಕೈಯಡುಗೆ ಉಂಡವನು, ನೋಡಿರಲಿಲ್ಲ.