ಉಸಿರಮ್ಮನ ಟೈಟಾನಿಯಂ ಸ್ಟೆಮ್

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಉಸಿರಮ್ಮ ಎಂದೇ. "ಉಸಿರು ಹಿಡೀರಿ... ಬಿಡಿ" ಎಂದು ದಿನವಿಡೀ ಹೇಳುತ್ತಿದ್ದವಳಿಗೆ ಆ ಹೆಸರು ತಾನಾಗಿ ಅಂಟಿಕೊಂಡಿತ್ತು. ಊರಿನ ಅರ್ಧ ಜನರ ಮೂಳೆ ಕಂಡವಳಿಗೆ ತನ್ನ ಕುತ್ತಿಗೆ ಯಾಕೆ ನೋಯುತ್ತಿದೆ ಎಂಬುದರ ತಲೆಬುಡ ಮಾತ್ರ ಗೊತ್ತಾಗಿರಲಿಲ್ಲ.

ನೋವು ಶುರುವಾದದ್ದು ಅಕ್ಕನ ಸೈಕಲ್ಲು ಮನೆಗೆ ಬಂದ ಮೇಲೆ. ಅಕ್ಕ ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರದವಳು, ರೇಸ್ ಸೈಕಲ್ಲಿನಲ್ಲಿ ಗುಡ್ಡ ಹತ್ತಿಳಿದ ಗಟ್ಟಿಗಿತ್ತಿ. ಮೊಣಕಾಲು ಕೈಕೊಟ್ಟಾಗ, "ಮೂಲೇಲಿ ಬಿದ್ದಿರೋದು ಬೇಡ, ನೀನೇ ಓಡಿಸೇ" ಎಂದು ತಂಗಿಗೆ ದಾಟಿಸಿದ್ದಳು. ಗಿಡ್ಡ ಆಳಾದ ತಂಗಿ ಹ್ಯಾಂಡಲ್ ಹಿಡಿಯಲು ಸೈಕಲ್ಲಿನ ಮೇಲೆ ಮಲಗಿದಂತೆ ಕೈ ಚಾಚಬೇಕಾಗುತ್ತಿತ್ತು.

"ಸ್ಟೆಮ್ ಚಿಕ್ಕದು ಹಾಕಿಸ್ಕೋ. ಹ್ಯಾಂಡಲ್ಲನ್ನ ಸೈಕಲ್ಲಿಗೆ ಸೇರಿಸಿ ಹಿಡಿದಿರತ್ತಲ್ಲ, ಆ ಮೋಟು ತುಂಡು," ಎಂದು ಅಕ್ಕ ಫೋನಿನಲ್ಲಿ ಹೇಳಿದಳು.

ಉಸಿರಮ್ಮ ಅಂಗಡಿಗೆ ಹೋಗಿ, "ಟೈಟಾನಿಯಂದೇ ಕೊಡಿ" ಎಂದಳು. ಮುರಿದ ತೊಡೆಮೂಳೆಗಳೊಳಗೆ ಆ ಲೋಹದ ಸರಳುಗಳು ವರ್ಷಗಟ್ಟಲೆ ಅಲ್ಲಾಡದೆ ಕೂತಿರುವುದನ್ನು ನೋಡಿ ನೋಡಿ ಅವಳಿಗೆ ಅದರ ಮೇಲೆ ಎಲ್ಲಿಲ್ಲದ ನಂಬಿಕೆ.

"ಕೊಡೋಣ," ಎಂದ ಅಂಗಡಿಯವನು. "ಉದ್ದ ಎಷ್ಟಿರಲಿ? ಮೇಲಕ್ಕೆ ಓರೆ ಬೇಕಾ, ನೇರ ಸಾಕಾ?"

"ನೋವು ಹೋಗೋ ಅಂಥದ್ದು ಯಾವುದು?"

"ಟೈಟಾನಿಯಂನಲ್ಲಿ ರಸ್ತೆ ಅದುರು ಕಮ್ಮಿ ಅಂತಾರೆ. ಏನೂ ವ್ಯತ್ಯಾಸ ಇಲ್ಲ ಅನ್ನೋರೂ ಇದಾರೆ. ತುಕ್ಕು ಹಿಡಿಯಲ್ಲ, ಅದಂತೂ ನಿಜ. ನಿಮಗೆ ಮುಖ್ಯ ಅಳತೆ ಮೇಡಂ."

ಅಳತೆ ಎಂದ ಮೇಲೆ ಗಂಡನೇ ಗತಿ. ಆತ ದರ್ಜಿ. ಕೊರಳಿನ ಟೇಪು ತೆಗೆದು ಭುಜದಿಂದ ಮಣಿಕಟ್ಟಿನವರೆಗೆ ಎರಡೆರಡು ಸಲ ಹಿಡಿದು ನೋಡಿದ. "ಕೋಟು ಹೊಲಿಯೋದಾದ್ರೆ ಈಗಲೇ ಕತ್ತರಿಸ್ತೀನಿ. ಸೈಕಲ್ಲಿಗೆ ಎಷ್ಟು ಬಿಡಬೇಕೋ ನನಗೇನು ಗೊತ್ತು?"

ಕೊನೆಗೆ ಅವಳು ಅಂದಾಜಿನ ಮೇಲೆ ಮೇಲಕ್ಕೆ ಓರೆಯಾದ ಒಂದು ಮೋಟು ಸ್ಟೆಮ್ ತಂದು, ಮನೆಯಲ್ಲೇ ತಿರುಪು ಬಿಗಿದಳು. ಮರುದಿನ ಆಸ್ಪತ್ರೆಯ ಗೇಟಿನ ಮುಂದೆ ಬ್ರೇಕ್ ಹಿಡಿದದ್ದೇ ತಡ, ಹ್ಯಾಂಡಲ್ ಗರ್ರನೆ ಕೆಳಕ್ಕೆ ತಿರುಗಿತು. ಅವಳು ಪಕ್ಕದ ಬೇಲಿಗೆ ಆತುಕೊಂಡು ಬಚಾವಾದಳು.

"ನಿಮ್ಮ ಹ್ಯಾಂಡಲ್ ಹಳೇ ಕಾಲದ್ದು, ಸಣ್ಣ. ಇದರ ಹಿಡಿತ ದಪ್ಪ ಹ್ಯಾಂಡಲ್ಲಿಗೆ," ಎಂದ ಅಂಗಡಿಯವನು, ಸೈಕಲ್ಲು ತಳ್ಳಿಕೊಂಡು ಬಂದವಳಿಗೆ ಪೆಚ್ಚಾಗಿ. "ಸೈಕಲ್ಲನ್ನೇ ತನ್ನಿ ಅಂತ ನಾನೂ ಹೇಳಬೇಕಿತ್ತು." ಹೊಂದುವ ಇನ್ನೊಂದು ಟೈಟಾನಿಯಂ ಸ್ಟೆಮ್ ಹುಡುಕಿ ತಾನೇ ಕೂರಿಸಿದ. ಹಾಗೆಯೇ ಸೀಟನ್ನೂ ತುಸು ಮುಂದಕ್ಕೆ ತಳ್ಳಿದ.

ಆ ವಾರವೇ ಅಕ್ಕ ಕುಂಟುತ್ತಾ ಬಂದಳು. ತಂಗಿ ಬೀದಿಯಲ್ಲಿ ಒಂದು ಸುತ್ತು ಹಾಕುವುದನ್ನು ನೋಡಿ, "ಮೊಣಕೈ ಯಾಕೆ ಕಡ್ಡಿ ಥರ ಇಟ್ಕೊಂಡಿದೀಯ? ಸಡಿಲ ಬಿಡೇ," ಎಂದಳು. ತಂಗಿ ಬಿಟ್ಟಳು.

ಕೆಲವು ದಿನಗಳಲ್ಲಿ ನೋವು ಮಾಯವಾಯಿತು. ಹೋದದ್ದು ಸ್ಟೆಮ್ಮಿನಿಂದಲೋ, ಸೀಟಿನಿಂದಲೋ, ಮೊಣಕೈಯಿಂದಲೋ? ಕುತ್ತಿಗೆಯ ಎಕ್ಸ್‌ರೇ ತೆಗೆಸಿಕೊಂಡು ದೀಪದೆದುರು ಹಿಡಿದಳು. ಮೂಳೆಗಳು ಅಚ್ಚುಕಟ್ಟಾಗಿ ಕೂತಿದ್ದವು, ಅವೂ ಬಾಯಿ ಬಿಡಲಿಲ್ಲ.

ಅಕ್ಕನ ಕಾಲದ ಆ ಉದ್ದನೆಯ ಸ್ಟೆಮ್ ಮತ್ತೆ ಹಾಕಿ ನೋಡಿದರೆ ಗೊತ್ತಾಗುತ್ತದೆ ಎಂದು ಒಂದು ಭಾನುವಾರ ಸ್ಪ್ಯಾನರ್ ಹಿಡಿದು ಸೈಕಲ್ಲಿನ ಮುಂದೆ ಕೂತಳು. ನೋವು ತಿರುಗಿ ಬಂದರೆ? ಬರದೇ ಹೋದರೆ, ಟೈಟಾನಿಯಂ ಮೇಲಿನ ನಂಬಿಕೆಯ ಗತಿ? ಎರಡರಲ್ಲಿ ಯಾವುದಕ್ಕೆ ಹೆದರುತ್ತಿದ್ದೇನೆಂದೇ ಅವಳಿಗೆ ಬಗೆಹರಿಯಲಿಲ್ಲ.

"ಏನೇ ಮಾಡ್ತಿದೀಯ?" ಎಂದು ಗಂಡ ಒಳಗಿನಿಂದ ಕೇಳಿದ.

"ಏನೂ ಇಲ್ಲ," ಎಂದಳು, ಸ್ಪ್ಯಾನರ್ ಕೆಳಗಿಟ್ಟು, ಟೈಟಾನಿಯಂನ ಆ ಬೂದುಬಣ್ಣದ ತುಂಡನ್ನು ಸೆರಗಿನಿಂದ ಒರೆಸುತ್ತಾ.