ಪದ್ಮಜ್ಜಿಯ ಸೊಪ್ಪು ತಿಂದ ಕೋಳಿ

ಇವತ್ತು ವಯನಾಡಿನ ಕೇಣಿಚಿರದ ತರಕಾರಿ ಅಂಗಡಿಯಲ್ಲಿ ಮಂಜಿಗೆ ನೆನೆದ ಸಾಸಿವೆ ಸೊಪ್ಪಿನ ಕಟ್ಟು ಬಿಚ್ಚುತ್ತಿದ್ದರು. ಆ ಖಾರದ ವಾಸನೆಗೆ ನಾನು ಮತ್ತೆ ಚಿಕ್ಕವಳಾಗಿಬಿಟ್ಟೆ.

ಅಪ್ಪ ಎಸ್ಟೇಟಿನ ಬಂಗಲೆಯಿಂದ ಓರ್ಪಿಂಗ್ಟನ್ ಎಂಬ ವಿಲಾಯತಿ ತಳಿಯ ಐದು ಕೋಳಿಮರಿಗಳನ್ನು ತಂದಿದ್ದರು. ಬೆಳೆದ ಮೇಲೆ ಅವು ಜೇನಿನ ಬಣ್ಣದ ದಿಂಬುಗಳ ಹಾಗೆ ಮಂಜಿನೊಳಗೆ ತೇಲಿ ಬರುತ್ತಿದ್ದವು. ಮುಟ್ಟಿದರೆ ಬೆರಳು ಪುಕ್ಕದಲ್ಲಿ ಮುಳುಗಿ ಬೆಚ್ಚಗಾಗುತ್ತಿತ್ತು.

ಪಕ್ಕದ ಮನೆಯ ಪದ್ಮಜ್ಜಿ ಜೈನರು. ಮೊಟ್ಟೆಯನ್ನೂ ಮುಟ್ಟದವರು, ಆ ಐದರಲ್ಲಿ ಬೇಲಿ ನುಸುಳಿ ಬರುವ ನಮ್ಮ ಚಿನ್ನಿಗೆಂದೇ ಚಳಿಗಾಲದಲ್ಲಿ ಒಂದು ಪಾತಿ ಸಾಸಿವೆ ಸೊಪ್ಪು ಬೆಳೆಯುತ್ತಿದ್ದರು. "ನನ್ನ ಸೊಪ್ಪು ತಿಂದದ್ದು ನನ್ನ ಮನೆ ನೆಂಟ. ಅದನ್ನ ಕೊಯ್ಯಂಗಿಲ್ಲ" ಎಂದು ಅಪ್ಪನಿಂದ ಮಾತು ತೆಗೆದುಕೊಂಡಿದ್ದರು.

ಒಂದು ಬೆಳಿಗ್ಗೆ ಕೊಡಗಿನ ಕುಟ್ಟದಿಂದ ಮಾವ ಬರುವವರಿದ್ದರು. "ಚಿನ್ನಿ ಬಿಟ್ಟು ಬೇರೆ ಒಂದನ್ನ ಹಿಡೀರಿ" ಎಂದು ಅಮ್ಮ ಅಪ್ಪನಿಗೆ ಹೇಳಿದರು. ನಾನು ಓಡಿಹೋಗಿ ಲಂಗದ ತುಂಬ ಪದ್ಮಜ್ಜಿಯ ಸೊಪ್ಪು ಕಿತ್ತು ತಂದು, ಉಳಿದ ನಾಲ್ಕಕ್ಕೂ ಒಂದೊಂದಾಗಿ ತಿನ್ನಿಸಿದೆ.

ಅಪ್ಪ ಕತ್ತಿ ಹಿಡಿದು ಬಂದಾಗ ಎಲ್ಲದರ ಕೊಕ್ಕೂ ಹಸಿರಾಗಿತ್ತು.

ಬೇಲಿಯಾಚೆಯಿಂದ ಪದ್ಮಜ್ಜಿ ಜೋರಾಗಿ ನಕ್ಕರು. "ಭೇಷ್ ಮೋಳೇ, ಭೇಷ್ ಮಗಳೇ! ಈಗ ಐದೂ ನನ್ನ ನೆಂಟರೇ."

"ಹೋಗ್ಲಿ, ಉಳಿದ ಸೊಪ್ಪನ್ನೇ ಸಾರು ಮಾಡು" ಎಂದು ಅಮ್ಮನಿಗೆ ಹೇಳಿ ಅಪ್ಪ ಕತ್ತಿ ಕೆಳಗಿಟ್ಟರು.

ಮಾವ ಎರಡು ಸಲ ಹಾಕಿಸಿಕೊಂಡು ಉಂಡರು. "ಇನ್ನು ನಮ್ಮಣ್ಣನ್ನೂ ಯಾರೂ ಕೊಯ್ಯಂಗಿಲ್ಲ" ಎಂದರು ಅಮ್ಮ.

ಈಗ ನನ್ನ ಮನೆಯಲ್ಲೂ ಕೋಳಿಗಳಿವೆ. ಯಾವುದಕ್ಕೂ ಸೊಪ್ಪು ಹಾಕಬೇಡ ಎಂದು ಗಂಡ ದಿನಾ ಹೇಳುತ್ತಾರೆ. ನಾನು ತಲೆಯಾಡಿಸಿ, ಸೊಪ್ಪಿನ ಕಟ್ಟು ಹಿಡಿದು ಹಿತ್ತಲಿಗೆ ಹೋಗುತ್ತೇನೆ.