ಹುಷಾರಿಲ್ಲದವರ ಬ್ರೆಡ್ಡು

ತವಾದ ಮೇಲೆ ಬೆಣ್ಣೆ ಕರಗಿ ಬ್ರೆಡ್ಡಿನ ಅಂಚು ಕೆಂಪಗಾಗುವ ವಾಸನೆ ಬಂದರೆ ಎಲ್ಲರಿಗೂ ಹಸಿವಾಗುತ್ತದೆ, ನನಗೆ ಸಿಟ್ಟು ಬರುತ್ತದೆ. ಹೋದ ಕಾರ್ತಿಕದಲ್ಲಿ ಹೊಸದುರ್ಗಕ್ಕೆ ಹೋದಾಗಲೂ ಹಾಗೇ ಆಯಿತು. ನಮ್ಮ ದೊಡ್ಡಪ್ಪನ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಅವರ ಮಗ ರುದ್ರೇಶಣ್ಣ ಒಂದು ಬೇಕರಿ ಕೆಫೆ ತೆರೆದಿದ್ದಾನೆ. ಗಾಜಿನ ಬಾಗಿಲು, ತೂಗುದೀಪ, ಕಾಲು ನೆಲಕ್ಕೆ ಎಟುಕದಷ್ಟು ಎತ್ತರದ ಕುರ್ಚಿಗಳು. ಕಾಲೇಜಿನ ಹುಡುಗ ಹುಡುಗಿಯರು ಚೀಸು ಸುರಿಯುವ ಸ್ಯಾಂಡ್‌ವಿಚ್ಚನ್ನು ಮೊದಲು ಫೋಟೊ ತೆಗೆದು, ಆಮೇಲೆ ತಿನ್ನುತ್ತಾರೆ. ಬ್ರೆಡ್ಡು ಸುಡುವ ಮಷೀನಿನ ನೆತ್ತಿಯ ಮೇಲೆ, ಗೋಡೆಯಲ್ಲಿ, ವಿಭೂತಿ ಧರಿಸಿ ರುಮಾಲು ಸುತ್ತಿದ ದೊಡ್ಡಪ್ಪನ ಫೋಟೊ. ಅದಕ್ಕೆ ಗಂಧದ ಹಾರ. "ಎಲ್ಲಾ ಅಪ್ಪಾಜಿ ಆಶೀರ್ವಾದ ಕಣವ್ವ. ಕುಂತ್ಕ, ಏನು ತಿಂತೀಯ?" ಎಂದ ರುದ್ರೇಶಣ್ಣ. ಬದುಕಿದ್ದಷ್ಟು ದಿನ ಬೇಕರಿಯ ಹೆಸರೆತ್ತಿದರೆ ಉರಿದುಬೀಳುತ್ತಿದ್ದ ಮನುಷ್ಯ ಈಗ ಬೇಕರಿಗೇ ಆಶೀರ್ವಾದ ಮಾಡುತ್ತ ಗೋಡೆಯಲ್ಲಿ ಕೂತಿದ್ದರು. ನನಗೆ ಏನೂ ಬೇಡವೆಂದು ಹೇಳಿ, ನೀರು ಕುಡಿದು ಎದ್ದು ಬಂದೆ.

ಆ ಮನೆ ಬಿದ್ದದ್ದಕ್ಕೆ ನಮ್ಮ ವಂಶದವರೆಲ್ಲ ವಾಟ್ಸಾಪಿನಲ್ಲಿ ಅತ್ತರು. ಎಂಥ ತೊಲೆಗಳು, ಎಂಥ ಪಡಸಾಲೆ, ಇಪ್ಪತ್ತು ಜನ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದೆವಲ್ಲ ಎಂದು. ನಿಮಗೂ ಅಂಥದೊಂದು ಮನೆ ಇದ್ದಿರಬಹುದು, ಅದೂ ಬಿದ್ದಿರಬಹುದು, ನೀವೂ ಅತ್ತಿರಬಹುದು. ಬೇಡವೆನ್ನಲು ನಾನ್ಯಾರು. ಆದರೆ ಆ ಪಂಕ್ತಿಯಲ್ಲಿ ಕೂತವರು ಯಾರು, ಬಡಿಸುತ್ತ ನಿಂತವರು ಯಾರು, ಎಲ್ಲರದೂ ಆದ ಮೇಲೆ ಒಳಮನೆಯ ಕತ್ತಲಲ್ಲಿ ಕೂತು ಉಂಡವರು ಏನು ಉಂಡರು, ಉಂಡರೋ ಇಲ್ಲವೋ ಎಂದು ಒಬ್ಬರೂ ಬರೆಯಲಿಲ್ಲ. ನನಗೂ ಆ ತೊಲೆಗಳು ಇಷ್ಟವಿದ್ದವು. ಅಟ್ಟದ ಮೇಲಿನ ಕೊಬ್ಬರಿಯ ಎಣ್ಣೆವಾಸನೆ ಬೇಸಿಗೆಯಲ್ಲಿ ಮನೆಯಿಡೀ ಇಳಿದು ಬಂದು, ನಮ್ಮ ಪಠ್ಯಪುಸ್ತಕಗಳಿಗೂ ಹತ್ತುತ್ತಿತ್ತು. ಅದು ಈಗಲೂ ನೆನಪಾಗುತ್ತದೆ. ನೆನಪಾದ ಮಾತ್ರಕ್ಕೆ ಆ ಮನೆಯನ್ನು ಕ್ಷಮಿಸಬೇಕೆಂದು ಎಲ್ಲೂ ಬರೆದಿಲ್ಲ.

ಅಪ್ಪ, ಅಮ್ಮ ಬಾಗೂರಿನಲ್ಲಿ ಹೊಲ ನೋಡಿಕೊಂಡಿದ್ದರು. ಓದಲೆಂದು ನನ್ನನ್ನು ಹೊಸದುರ್ಗದ ದೊಡ್ಡಪ್ಪನ ಮನೆಯಲ್ಲಿ ಬಿಟ್ಟಿದ್ದರು. ದೊಡ್ಡಪ್ಪನದು ಕೊಬ್ಬರಿ ವ್ಯಾಪಾರ. ಆ ಮನೆಯಲ್ಲಿ ಮುದ್ದೆ, ರೊಟ್ಟಿ, ಅನ್ನ ಇವು ಊಟ, ಬ್ರೆಡ್ಡು ಔಷಧಿ. ಕೇಕಿಗೆ ಮೊಟ್ಟೆ ಬೀಳುತ್ತದೆ ಎಂಬ ಕಾರಣಕ್ಕೆ ಬೇಕರಿಯೇ ನಿಷಿದ್ಧವಾಗಿತ್ತು. ಆದರೆ ಜ್ವರ ಬಂದವರಿಗೆ ಎರಡು ದಿನ ಹಾಲು, ಬ್ರೆಡ್ಡು ಕೊಡಿ ಎಂದು ಡಾಕ್ಟರು ಹೇಳುತ್ತಿದ್ದುದರಿಂದ ಬ್ರೆಡ್ಡಿಗೆ ಮಾತ್ರ ಹಿಂಬಾಗಿಲಿನಿಂದ ಪ್ರವೇಶ ಸಿಕ್ಕಿತ್ತು. ಅದನ್ನು ಅಡುಗೆಮನೆಯಲ್ಲಿ ಇಡುತ್ತಿರಲಿಲ್ಲ. ಪಡಸಾಲೆಯ ಗೋಡೆಗೂಡಿನಲ್ಲಿ, ಜ್ವರದ ಮಾತ್ರೆ, ತಲೆನೋವಿನ ಮುಲಾಮುಗಳ ಪಕ್ಕ ಇಡುತ್ತಿದ್ದರು. ಗಟ್ಟಿಮುಟ್ಟಾಗಿದ್ದವರು ಅದನ್ನು ತಿಂದರೆ ಕಾಯಿಲೆಯನ್ನು ಕೈಹಿಡಿದು ಕರೆದಂತೆ ಎಂದು ದೊಡ್ಡಮ್ಮ ಕಣ್ಣರಳಿಸಿ ಹೇಳುತ್ತಿದ್ದಳು. ಜ್ವರ ಬಿಟ್ಟ ಮೇಲೆ ಉಳಿದ ಬ್ರೆಡ್ಡು ನಮಗಲ್ಲ, ಹಸುವಿಗೆ. ಮನೆಯವರ ಆರೋಗ್ಯವನ್ನು ಅಳೆಯುತ್ತಿದ್ದುದೂ ಬ್ರೆಡ್ಡಿನಿಂದಲೇ. ಸಂಜೆ ಅಂಗಡಿಯಿಂದ ಬಂದ ದೊಡ್ಡಪ್ಪ ಚಪ್ಪಲಿ ಬಿಡುತ್ತ, "ಇನ್ನೂ ಬ್ರೆಡ್ ಕೇಳ್ತೈತೇನು ಮಗಾ?" ಎನ್ನುತ್ತಿದ್ದರು. ಹೌದೆಂದರೆ ಜ್ವರ ಇಳಿದಿಲ್ಲ, ಇಲ್ಲವೆಂದರೆ ಹುಷಾರಾಯಿತು. ಹಣೆ ಮುಟ್ಟಿ ನೋಡುವ ಪದ್ಧತಿ ಇರಲಿಲ್ಲ.

ಈ ಮನೆಗೆ ನನ್ನ ಚಿಕ್ಕಮ್ಮ ಸರ್ವಮಂಗಳ ಸೊಸೆಯಾಗಿ ಬಂದಳು. ಹುಟ್ಟಿ ಬೆಳೆದದ್ದು ಚಿತ್ರದುರ್ಗದಲ್ಲಿ, ಕೋಟೆಗೆ ಹೋಗುವ ದಾರಿಯ ಒಂದು ಬೇಕರಿಯ ಹಿಂದಿನ ಮನೆಯಲ್ಲಿ. ಬೆಳಗಿನ ಜಾವ ಭಟ್ಟಿಯಿಂದ ಬನ್ನು ಹೊರಬರುವ ವಾಸನೆಗೇ ತನಗೆ ಎಚ್ಚರವಾಗುತ್ತಿತ್ತು ಎನ್ನುತ್ತಿದ್ದಳು. ಚಿಕ್ಕಪ್ಪ ಸಿರಿಗೆರೆಯ ಕಡೆ ಮೇಷ್ಟರಾಗಿದ್ದರು. ಶನಿವಾರ ಬಂದರೆ ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತಿದ್ದರು. ಉಳಿದ ದಿನ ಚಿಕ್ಕಮ್ಮನ ಜೊತೆಗೆ ನಗಲು ಆ ಮನೆಯಲ್ಲಿ ಇದ್ದವಳು ಹತ್ತು ವರ್ಷದ ನಾನೊಬ್ಬಳೇ. ತಮ್ಮನ ಹೆಂಡತಿಯನ್ನು ಭಾವನಾದವನು ನೇರವಾಗಿ ಮಾತಾಡಿಸಬಾರದೆಂದು ದೊಡ್ಡಪ್ಪ ಅವಳಿಗೆ ಹೇಳಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಿದ್ದರು: "ಸಾರಿಗೆ ಉಪ್ಪು ಜಾಸ್ತಿ ಆಗೈತೆ ಅಂತ ಹೇಳ್ರಿ ಆಕೆಗೆ." ಆಕೆ ಎರಡು ಮಾರು ದೂರದಲ್ಲಿ ಸಾರಿನ ಸೌಟು ಹಿಡಿದು ನಿಂತಿರುತ್ತಿದ್ದಳು.

ಮನೆಯ ಕಾನೂನನ್ನು ಚಿಕ್ಕಮ್ಮ ಆರು ತಿಂಗಳಲ್ಲಿ ಕಲಿತಳು, ಏಳನೇ ತಿಂಗಳಲ್ಲಿ ಅದರ ತೂತನ್ನೂ ಕಂಡುಹಿಡಿದಳು. ಹುಷಾರಿಲ್ಲದವರಿಗೆ ಬ್ರೆಡ್ಡು ಉಂಟು ಎಂದ ಮೇಲೆ ಹುಷಾರು ತಪ್ಪಿದರಾಯಿತು. ಹದಿನೈದು ದಿನಕ್ಕೊಮ್ಮೆ ಹಣೆಗೆ ಬಟ್ಟೆ ಕಟ್ಟಿಕೊಂಡು ತಲೆಶೂಲೆ ಎನ್ನುತ್ತಿದ್ದಳು. ಹೆಂಗಸು ಒಬ್ಬಳೇ ಡಾಕ್ಟರ ಹತ್ತಿರ ಹೋಗುವಂತಿರಲಿಲ್ಲವಾಗಿ ಜೊತೆಗೆ ನಾನು. ಬೀದಿಯ ತಿರುವು ದಾಟಿದ್ದೇ ತಡ, ಹಣೆಯ ಬಟ್ಟೆ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು, "ಲೀಲೀ, ಬಾರೇ ಬೇಗ, ಬಿಸಿ ಇದ್ದಾಗ್ಲೇ ಹೋಗಾಣ" ಎಂದು ಬಸ್ ಸ್ಟ್ಯಾಂಡಿನ ಎದುರಿನ ಬೇಕರಿಗೆ ಎಳೆದುಕೊಂಡು ಹೋಗುತ್ತಿದ್ದಳು. ಬೇಕರಿ ಶೇಷಣ್ಣ ಹಾಸನದ ಕಡೆಯವನು. ಬನಿಯನ್ನಿನ ಮೇಲೆ ಸದಾ ಮೈದಾಹಿಟ್ಟು. "ಬರ್ರಿ ಅಕ್ಕಾರೆ" ಎನ್ನುತ್ತಲೇ ಎರಡು ಹೋಳು ಬ್ರೆಡ್ಡನ್ನು ತವಾಕ್ಕೆ ಹಾಕುತ್ತಿದ್ದ. ಇನ್ನೊಂದು ಮೂಲೆಯಲ್ಲಿ ಈರುಳ್ಳಿ, ಕ್ಯಾರೆಟ್ಟು, ಹಸಿಮೆಣಸಿನಕಾಯಿ ಚಟಪಟ ಎನ್ನುತ್ತಿದ್ದವು; ಮೇಲೆ ಕೊತ್ತಂಬರಿ, ನಿಂಬೆಹಣ್ಣು. ಅದನ್ನು ಬ್ರೆಡ್ಡಿನ ಮೇಲೆ ಪೇರಿಸಿ, ಚಮಚದ ಬದಲು ಇನ್ನೊಂದು ಬ್ರೆಡ್ಡಿನ ಚೂರನ್ನೇ ಕೊಡುತ್ತಿದ್ದ. ಕಚ್ಚಿದರೆ ಮೊದಲು ಗರಿಗರಿ, ಆಮೇಲೆ ಬೆಣ್ಣೆ, ಆಮೇಲೆ ಮೆಣಸಿನಕಾಯಿ ಮೂಗಿಗೇರಿ ಕಣ್ಣೀರು. ಚಿಕ್ಕಮ್ಮ ಕಣ್ಣು ಒರೆಸಿಕೊಳ್ಳುತ್ತ, ನಗುತ್ತ, ಬಸ್ಸಿನ ಜನರೆದುರಿಗೆ ನಿಂತುಕೊಂಡೇ ತಿನ್ನುತ್ತಿದ್ದಳು. ಆಮೇಲೆ ಬಾಯಿಗೆ ಸೋಂಪು ಹಾಕಿಕೊಂಡು, ಮನೆಗೆ ತೋರಿಸಲೆಂದು ಒಂದು ಬ್ರೆಡ್ಡು ಕೊಂಡು, ತಿರುವಿನಲ್ಲಿ ಮತ್ತೆ ಹಣೆಗೆ ಬಟ್ಟೆ ಕಟ್ಟುತ್ತಿದ್ದಳು. ಅಂಥ ಸುಖವನ್ನು ನಾನು ಆಮೇಲೆ ಯಾವ ಹೋಟೆಲಿನಲ್ಲೂ ಕಾಣಲಿಲ್ಲ, ಹಿರಿಯೂರಿನ ಬೈಪಾಸಿನಲ್ಲಿ ಸಾಲಾಗಿ ಎದ್ದಿರುವ ಮಿರಿಮಿರಿ ಕೆಫೆಗಳಲ್ಲೂ ಕಾಣಲಿಲ್ಲ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಎಷ್ಟು ದಿನ ನಡೆದೀತು. ಒಂದು ಮಧ್ಯಾಹ್ನ ಹೊಳಲ್ಕೆರೆಯಿಂದ ಬಂದ ಬಸ್ಸಿನಿಂದ ದೊಡ್ಡಪ್ಪ ಇಳಿದರು. ಚಿಕ್ಕಮ್ಮನ ಬಾಯಿ ತುಂಬ ಟೋಸ್ಟು, ಸೊಂಟದಲ್ಲಿ ಹಣೆಬಟ್ಟೆ. ಅವರು ನಮ್ಮನ್ನು ದಾಟಿ ಮುಂದೆ ನಡೆದರು. ಮನೆಗೆ ಬಂದು ಪಡಸಾಲೆಯಲ್ಲಿ ನಿಂತು, ಎಂದಿನಂತೆ ಗೋಡೆಗೇ, ಆದರೆ ಬೀದಿಗೆ ಕೇಳುವಂತೆ ಹೇಳಿದರು: "ಬೀದ್ಯಾಗೆ ನಿಂತು ತಿನ್ನೋ ಹೆಣ್ಣು ನಮ್ಮ ಮನೇಲಿ ಹುಟ್ಟಿರ್ಲಿಲ್ಲ, ಈಗ ಬಂದೈತೆ. ಇನ್ಮ್ಯಾಲೆ ಯಾರಿಗೆ ಬ್ರೆಡ್ ಬೇಕಾದ್ರೂ ನಾನೇ ಆಳಿನ ಕೈಲಿ ತರಿಸ್ತೀನಿ, ಡಾಕ್ಟ್ರು ಬರೆದುಕೊಟ್ರೆ. ಸುಳ್ಳು ಕಾಯಿಲೆ ಇಲ್ಲಿ ನಡೆಯಂಗಿಲ್ಲ." ದೊಡ್ಡಮ್ಮ ತಿಂಗಳಾನುಗಟ್ಟಲೆ ಅದನ್ನೇ ಆಡಿಕೊಂಡಳು. ಚಿಕ್ಕಮ್ಮ ಎಡವಿ ಬಿದ್ದರೂ, ಕೆಮ್ಮಿದರೂ, "ಯಾಕವ್ವ, ಬ್ರೆಡ್ ನೆನಪಾತೇನು?" ಎಂಬ ಕುಹಕ. ಶನಿವಾರ ಬಂದ ಚಿಕ್ಕಪ್ಪ ಅಣ್ಣನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು, ಕೊನೆಗೆ ಪೇಪರು ನೋಡಿದರು. ಚಿಕ್ಕಮ್ಮ ಅಂದಿನಿಂದ ಆ ಮನೆಯಲ್ಲಿ ತನಗೆ ಹುಷಾರಿಲ್ಲವೆಂಬ ಮಾತನ್ನೇ ಆಡಲಿಲ್ಲ.

ಆದರೆ ನಾಲಗೆ ಎಲ್ಲಿ ಕೇಳುತ್ತದೆ. ಶಾಲೆಯಿಂದ ಬರುವಾಗ ಒಂದು ಟೋಸ್ಟು ತಾ ಎಂದು ನನ್ನ ಕೈಗೆ ಗುಟ್ಟಾಗಿ ಚಿಲ್ಲರೆ ಕೊಡಲು ಶುರುಮಾಡಿದಳು. ಶೇಷಣ್ಣ ಅದನ್ನು ಪೇಪರಿನಲ್ಲಿ ಸುತ್ತಿಕೊಡುತ್ತಿದ್ದ. ನಾನು ಪುಸ್ತಕದ ಚೀಲದಲ್ಲಿ ಬಚ್ಚಿಟ್ಟು ತರುತ್ತಿದ್ದೆ. ಹಿತ್ತಲಿನಲ್ಲಿ ಕೂತು ಇಬ್ಬರೂ ಅರ್ಧರ್ಧ ತಿನ್ನುತ್ತಿದ್ದೆವು. ಕೆಲವು ತಿಂಗಳಾದ ಮೇಲೆ ಅವಳ ಅರ್ಧ ಕಾಲಾಯಿತು, ಕಾಲು ಒಂದು ಕಚ್ಚಾಯಿತು. "ನಂಗೆ ಹೊಟ್ಟೆ ತುಂಬೈತೆ, ನೀನೇ ತಿನ್ನು" ಎಂದು ನನ್ನ ಕಡೆ ಸರಿಸುತ್ತಿದ್ದಳು. ಒಂದು ದಿನ ಆ ಒಂದು ಕಚ್ಚು ತಿಂದವಳೇ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಹೊರಗೆ ಬಂದು ನನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಆಣೆ ಹಾಕಿಸಿ, "ಯಾರಿಗೂ ಹೇಳಬ್ಯಾಡ. ಬ್ರೆಡ್ಡಿನ ಆಸೆಗೆ ನಾಟಕ ಆಡ್ತಾಳೆ ಅಂತಾರೆ" ಎಂದಳು. ಎಲ್ಲರ ಊಟವಾದ ಮೇಲೆ ಒಳಮನೆಯಲ್ಲಿ ತನ್ನ ತಟ್ಟೆಯ ಮುದ್ದೆಯನ್ನು ಹಾಗೇ ಹಸುವಿನ ಕಲಗಚ್ಚಿಗೆ ಹಾಕುವುದನ್ನೂ ನಾನು ನೋಡಿದೆ. ಒಮ್ಮೆಯಲ್ಲ, ದಿನಾ ನೋಡಿದೆ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಮನೆಯ ಉಳಿದವರಿಗೆ ಕಂಡದ್ದು ಬೇರೆ. "ಮಂಗಳಾ ಬುದ್ಧಿ ಕಲಿತ್ಲು ನೋಡು, ಈಗ ಬ್ರೆಡ್ಡಿನ ಸುದ್ದೀನೇ ಇಲ್ಲ. ಗಟ್ಟಿಯಾಗವಳೆ" ಎಂದು ದೊಡ್ಡಮ್ಮ ನೆಂಟರೆದುರು ಹೊಗಳಿದಳು. ದೊಡ್ಡಪ್ಪ ತಲೆಯಾಡಿಸಿದರು. ಅವರ ಲೆಕ್ಕದಲ್ಲಿ, ಬ್ರೆಡ್ಡು ಕೇಳದ ಮನುಷ್ಯನಿಗೆ ಕಾಯಿಲೆ ಇರಲು ಸಾಧ್ಯವೇ ಇರಲಿಲ್ಲ.

ಒಂದು ಬೆಳಗ್ಗೆ ಬಾವಿಕಟ್ಟೆಯ ಹತ್ತಿರ ಬಿದ್ದ ಚಿಕ್ಕಮ್ಮ ಏಳಲಿಲ್ಲ. ಚಿಕ್ಕಪ್ಪನಿಗೆ ಸುದ್ದಿ ಕಳಿಸಿ, ದುರ್ಗದ ಆಸ್ಪತ್ರೆಗೆ ಕಾರು ಮಾಡಿಕೊಂಡು ಹೋದರು. ಅತ್ತು ಕರೆದು ನಾನೂ ಹತ್ತಿದೆ. ಹೊಟ್ಟೆಯೊಳಗೆ ಗಡ್ಡೆ ಬೆಳೆದಿದೆ, ಬಹಳ ತಡವಾಗಿದೆ ಎಂದರು ಡಾಕ್ಟರು. "ಊಟ ಬಿಟ್ಟು ಎಷ್ಟು ದಿನ ಆಗಿತ್ತು? ಯಾರೂ ನೋಡಲಿಲ್ವಾ?" ಎಂದು ಗದರಿದರು. ದೊಡ್ಡಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. "ಚೆನ್ನಾಗೇ ಇದ್ಲು ಸಾರ್. ಬ್ರೆಡ್ಡೇ ಕೇಳಿರ್ಲಿಲ್ಲ" ಎಂದರು. ಡಾಕ್ಟರಿಗೆ ಅದು ಅರ್ಥವಾಗಲಿಲ್ಲ. ಅವರು ನನ್ನ ಕಡೆ ತಿರುಗಿ, "ನಿಂಗೇನಾದ್ರೂ ಗೊತ್ತೇನಮ್ಮ?" ಎಂದರು. ನಾನು ಇಲ್ಲವೆಂದು ತಲೆಯಾಡಿಸಿದೆ.

ಇಷ್ಟು ವರ್ಷ ದೊಡ್ಡಪ್ಪನನ್ನು ದ್ವೇಷಿಸಿದ್ದೇನೆ, ಈಗಲೂ ದ್ವೇಷಿಸುತ್ತೇನೆ, ಅವರ ಫೋಟೊಕ್ಕೆ ಕೈ ಮುಗಿಯಲಾರೆ. ಆದರೆ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನು. ಆಣೆಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಕೇಳಿದವರಿಗೂ ಹಾಗೇ ಹೇಳಿದೆ. ಸುಳ್ಳು. ಹೇಳಿದ್ದರೆ ಟೋಸ್ಟು ನಿಂತುಹೋಗುತ್ತಿತ್ತು. ಅವಳಿಗೆ ಸೇರದ್ದೆಲ್ಲ ನನಗೆ ಸಿಗುತ್ತಿತ್ತು, ಇಡೀ ಟೋಸ್ಟು, ದಿನ ಬಿಟ್ಟು ದಿನ. ಹತ್ತು ಹನ್ನೊಂದು ವರ್ಷದ ಮಗು, ಏನು ತಿಳಿಯುತ್ತದೆ ಎಂದು ನೀವು ಹೇಳಬಹುದು. ನನಗೆ ತಿಳಿಯುತ್ತಿತ್ತು.

ಅವಳು ಆಮೇಲೆ ಒಂಬತ್ತೇ ದಿನ ಬದುಕಿದಳು. ಎರಡನೆಯ ದಿನ ಬೆಳಗ್ಗೆ ದೊಡ್ಡಪ್ಪ ಎಲ್ಲಿಗೋ ಹೋಗಿ, ಜೀವಮಾನದಲ್ಲಿ ಮೊದಲ ಸಲ ತಾವೇ ಬೇಕರಿಯ ಮೆಟ್ಟಿಲು ಹತ್ತಿ, ಬ್ರೆಡ್ಡು ಹಿಡಿದು ಬಂದರು. ಲೋಟದ ಹಾಲಿನಲ್ಲಿ ಅದ್ದಿ, ಮಂಚದ ಪಕ್ಕ ನಿಂತು, ಗೋಡೆಗಲ್ಲ, ಅವಳಿಗೇ, "ಒಂದು ತುತ್ತು ತಿನ್ನವ್ವ" ಎಂದರು. ಹಾಲು ಹೊದಿಕೆಯ ಮೇಲೆ ತೊಟ್ಟಿಕ್ಕಿತು. ಚಿಕ್ಕಮ್ಮ ಬಾಯಿ ತೆರೆಯಲು ನೋಡಿದಳು, ಆಗಲಿಲ್ಲ. ತಲೆಯನ್ನು ಸ್ವಲ್ಪ ಹೊರಳಿಸಿ ನನ್ನನ್ನು ಹುಡುಕಿ, "ಲೀಲಿಗೆ ಕೊಡ್ರಿ. ಅವಳಿಗೆ ಬಲು ಇಷ್ಟ" ಎಂದಳು. ದೊಡ್ಡಪ್ಪ ಲೋಟವನ್ನು ನನ್ನ ಕೈಗಿಟ್ಟರು. ಹಿಂದಿನ ರಾತ್ರಿಯಿಂದ ನಾನೇನೂ ತಿಂದಿರಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತು, ಅವಳು ನೋಡುತ್ತಿರುವಂತೆಯೇ, ಪೂರ್ತಿ ತಿಂದು ಮುಗಿಸಿದೆ.